ಒಣಗಿದ್ದನ್ನೇ ಒಣಹಾಕಿದ ವಾರ

"ಎಡಕ್ಕೆ. ನಿಮ್ಮ ಎಡಕ್ಕಲ್ಲ ಮಾರಾಯ್ರೆ, ನನ್ನ ಎಡಕ್ಕೆ."

ಮೆಟ್ಟಿಲ ಮೇಲ್ತುದಿಯಲ್ಲಿ ನಿಂತ ಓಲಿಂಡಾ ಎರಡೂ ಕೈ ಬೀಸುತ್ತಿದ್ದಳು. ಕೆಳಗೆ ತಿರುವಿನಲ್ಲಿ, ಇಬ್ಬರು ಮಲಗಬಹುದಾದಷ್ಟು ಉದ್ದನೆಯ ಪೆಟ್ಟಿಗೆಯೊಂದು ಗೋಡೆಗೂ ಕಬ್ಬಿಣದ ಕಂಬಿಗೂ ನಡುವೆ ಸಿಕ್ಕಿಕೊಂಡಿತ್ತು. ಹೊತ್ತ ಆಳುಗಳು "ಪೋಲೆ ಪೋಲೆ" ಎಂದು ಒಬ್ಬರಿಗೊಬ್ಬರು ನಿಧಾನ ಹೇಳಿಕೊಳ್ಳುತ್ತಿದ್ದರು. ಎಲ್ಲರೂ ನಿಂತಲ್ಲೇ ನಿಂತಿದ್ದುದರಿಂದ ಅದಕ್ಕಿಂತ ನಿಧಾನ ಸಾಧ್ಯವಿರಲಿಲ್ಲ. ಒಂದು ಮೂಲೆಗೆ ಹೆಗಲು ಕೊಟ್ಟಿದ್ದ ಗೋಪಿನಾಥನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ಬೋಳುತಲೆ ಮಾತ್ರ ಕಾಣುತ್ತಿತ್ತು.

"ಇದು ಬರಲ್ಲ," ಎಂದಿತು ಬೋಳುತಲೆ.

"ಬರ್ತದೆ. ಕಂಪನಿಯವರು ಅಳತೆ ತೆಗೊಂಡು ಹೋಗಿದ್ದಾರೆ."

"ಮೆಟ್ಟಿಲು ಅಳೆದ್ರೋ, ನಿಮ್ಮ ಆಸೆ ಅಳೆದ್ರೋ?"

ಕೊನೆಗೆ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೇ ಇಳಿಸಿ, ಗೋಪಿನಾಥ್ ಕೆಳಗಿನ ತನ್ನ ಅಂಗಡಿಗೆ ಹೋಗಿ ಸ್ಪ್ಯಾನರ್ ತಂದು ಕಂಬಿಯನ್ನೇ ಬಿಚ್ಚಿದ. ಎದುರಾಳಿಯ ಹೊಸ ಪ್ರಿಂಟಿಂಗ್ ಯಂತ್ರ ಒಳಗೆ ಹೋಗಲೆಂದು ಕಟ್ಟಡದ ಕಂಬಿ ಬಿಚ್ಚಿದ ಮೊದಲ ಸೈನ್‌ಬೋರ್ಡ್ ವ್ಯಾಪಾರಿ ನೈರೋಬಿಯ ಪಂಗಾನಿಯಲ್ಲಿ ಅವನೇ ಇರಬೇಕು.

ಏಕೆಂದರೆ ಇಬ್ಬರದ್ದೂ ಒಂದೇ ಕಸುಬು. ನೆಲಮಹಡಿಯಲ್ಲಿ ಗೋಪಿನಾಥ್ ಗ್ರಾಫಿಕ್ಸ್: ಮಟಾಟು ಎಂಬ ಬಾಡಿಗೆ ವ್ಯಾನುಗಳ ಮೈಮೇಲಿನ ಸಿಂಹ, ಬೆಂಕಿ, ಫುಟ್‌ಬಾಲ್ ಆಟಗಾರರು. ಅವನು ಹಾಸನದ ಕಡೆಯವನು. ಔಷಧಿ ಕಾರ್ಖಾನೆಯೊಂದಕ್ಕೆ ಡಬ್ಬಿಯ ಚಿತ್ರ ಬಿಡಿಸಲು ನೈರೋಬಿಗೆ ಬಂದು, ಅದು ಬೇಜಾರಾಗಿ ಸ್ವಂತ ಅಂಗಡಿ ಹಾಕಿದವನು. ಹೆಂಡತಿ ಎಂದೋ ಬೇರೆಯಾಗಿ ಪುಣೆಯಲ್ಲಿದ್ದಳು. ಮೊದಲ ಮಹಡಿಯಲ್ಲಿ ಡಿಮೆಲ್ಲೊ ಸೈನ್‌ಬೋರ್ಡ್ಸ್: ಅಂಗಡಿ ಫಲಕಗಳು, ಫ್ಲೆಕ್ಸು, ಗೋಡೆಗೆ ಅಂಟಿಸುವ ವಿನೈಲ್. ಓಲಿಂಡಾ ಗಂಡ ಸತ್ತ ಮೇಲೆ ಅದನ್ನು ನಡೆಸುತ್ತಿದ್ದಳು. ಮನೆಯಲ್ಲಿ ಕೊಂಕಣಿ, ಗಿರಾಕಿಗಳ ಜೊತೆ ಇಂಗ್ಲಿಷು ಮತ್ತು ಸ್ವಾಹಿಲಿ. ಅವಳ ಮಂಗಳೂರು ಕನ್ನಡ ಇಡೀ ನಗರದಲ್ಲಿ ಗೋಪಿನಾಥನೊಬ್ಬನಿಗಾಗಿ ಉಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಯಂತ್ರ ಕೂತಿತು. ಕಂಪನಿಯ ಎಂಜಿನಿಯರ್ ರಾಜೀವ್ ಗುಂಡಿ ಒತ್ತಿದ. ಹಸಿರು ಗಿಳಿಯೊಂದು ಬಾಲದಿಂದ ಶುರುವಾಗಿ ಕೊಕ್ಕಿನವರೆಗೆ ಹೊರಬಂತು.

"ಮುಟ್ಟಿ ನೋಡಿ ಮೇಡಂ."

ಓಲಿಂಡಾ ಮುಟ್ಟಿದಳು. ಈಗಷ್ಟೇ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಬೆಚ್ಚಗಿತ್ತು. ಬೆರಳಿಗೆ ಏನೂ ಹತ್ತಲಿಲ್ಲ. ಅಭ್ಯಾಸ ಬಿಡದೆ ಮೂಗಿನ ಹತ್ತಿರ ಹಿಡಿದಳು. ಏನೂ ಇಲ್ಲ.

"ಲೇಟೆಕ್ಸ್ ಇಂಕು. ನೀರಿನಲ್ಲಿ ಕಲಸಿರೋದು. ಒಳಗಿನ ಹೀಟರ್ ಅಲ್ಲೇ ಒಣಗಿಸುತ್ತೆ," ಎಂದ ರಾಜೀವ್. "ಈಗಲೇ ಲ್ಯಾಮಿನೇಟ್ ಮಾಡಬಹುದು. ಈಗಲೇ ಕೊಟ್ಟುಬಿಡಬಹುದು."

"ಮಮ್ಮಿ, ಕೇಳಿಸ್ತಾ? ಈಗಲೇ," ಎಂದಳು ಮಗಳು ಫಿಯೋನಾ. ಥಿನ್ನರ್ ವಾಸನೆಯ ಇಂಕಿನ ಹಳೆಯ ಸಾಲ್ವೆಂಟ್ ಯಂತ್ರವನ್ನು ಕಿಸುಮು ಪಟ್ಟಣದ ಅಂಗಡಿಯವರಿಗೆ ಮಾರಿಸಿ ಇದನ್ನು ತರಿಸಿದವಳು ಅವಳೇ. ಅಮ್ಮ ಚರ್ಚಿನಲ್ಲಿ ಕೂತರೂ ಉಗುರುಬಣ್ಣದ ವಾಸನೆ ಹೊಡೆಯುತ್ತಾಳೆ ಎನ್ನುವುದು ಅವಳ ದೂರು.

ಓಲಿಂಡಾ ಗಿಳಿಯನ್ನು ನೋಡಿದಳು, ಗಡಿಯಾರ ನೋಡಿದಳು. ನಾಲ್ಕಾಗುತ್ತಿತ್ತು. ಎತ್ತಿಕೊಂಡು ಮೇಲೆ ಹೋಗಲು ಕೈಯಲ್ಲಿ ಏನೂ ಇರಲಿಲ್ಲ. ಇದನ್ನು ಅವಳು ಮೊದಲೇ ಯೋಚಿಸಿರಲಿಲ್ಲ.

ಸಾಲ್ವೆಂಟ್ ಪ್ರಿಂಟು ನೋಡಲು ಒಣಗಿದಂತೆ ಕಂಡರೂ ಅದರ ಆವಿ ಹೋಗಲು ಒಂದು ದಿನ ಬೇಕು. ಆತುರಪಟ್ಟು ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಗುಳ್ಳೆ ಏಳುತ್ತದೆ, ಅಂಚು ಸುರುಳಿಯಾಗುತ್ತದೆ. ಹಾಗಾಗಿ ಕಟ್ಟಡದ ತಾರಸಿಯಲ್ಲಿ ತಗಡಿನ ನೆರಳು ಹಾಕಿಸಿ, ಪೈಪು ಕಟ್ಟಿಸಿ, ಎರಡೂ ಅಂಗಡಿಗಳು ಅಲ್ಲೇ ಪ್ರಿಂಟುಗಳನ್ನು ಬಟ್ಟೆಯಂತೆ ತೂಗುಹಾಕುತ್ತಿದ್ದವು. ಆ ಕೆಲಸವನ್ನು ಇಬ್ಬರೂ ಆಳುಗಳಿಗೆ ಬಿಡುತ್ತಿರಲಿಲ್ಲ. ನಾಲ್ಕು ಗಂಟೆಗೆ ಅವಳು ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದಳು, ಅವನು ಎನ್‌ಗಾರಾದ ಅಂಗಡಿಯ ಖಾರದ ಚೂಡಾ. ಥೀಕಾ ರಸ್ತೆಯ ಗದ್ದಲ ಕೆಳಗೆ, ಹದ್ದುಗಳು ಮೇಲೆ, ನಡುವೆ ಇವರಿಬ್ಬರೂ ಒಬ್ಬರ ಪ್ರಿಂಟನ್ನು ಒಬ್ಬರು ಹೀಯಾಳಿಸುತ್ತ ನಿಲ್ಲುತ್ತಿದ್ದರು.

"ಈ ಸಿಂಹಕ್ಕೆ ಹಲ್ಲುನೋವು ಉಂಟಾ?"

"ನಿಮ್ಮ ಕೆಂಪು ನೋಡಿ ಬಂದಿರಬೇಕು."

ರೇಟು ಮಾತಾಡಬಾರದು, ಗಿರಾಕಿಯ ಹೆಸರು ಕೇಳಬಾರದು. ಇನ್ನೊಂದು ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ: ತೂಗುಹಾಕಲು ಏನಾದರೂ ಇದ್ದಾಗ ಮಾತ್ರ ಮೇಲೆ ಹೋಗುವುದು. ದಾರಿಯಲ್ಲಿ ಎರಡನೆಯ ಮಹಡಿಯ ದರ್ಜಿ ಹೆಂಗಸರು ಬಾಗಿಲು ತೆರೆದಿಟ್ಟುಕೊಂಡು ಹೊಲಿಯುತ್ತಾರೆ. ತೋಳಿನ ಮೇಲೆ ಒದ್ದೆ ವಿನೈಲ್ ಇದ್ದರೆ ಅದು ಕೆಲಸ. ಖಾಲಿ ಕೈಯಲ್ಲಿ ಹೋದರೆ, ಐವತ್ತು ದಾಟಿದ ವಿಧವೆ ಒಬ್ಬ ಗಂಡಸನ್ನು ನೋಡಲು ಹೋಗುತ್ತಿದ್ದಾಳೆ. ಅದು ದರ್ಜಿಗಳಿಗೆ ತಿಳಿಯುವುದಷ್ಟೇ ಅಲ್ಲ, ಗೋಪಿನಾಥನಿಗೂ ತಿಳಿಯುತ್ತದೆ, ಅವಳಿಗೂ.

ವ್ಯಾಪಾರವೇನೋ ಕುದುರಿತು. ಹರ್ಲಿಂಗ್‌ಹ್ಯಾಮಿನ ಹಲ್ಲಿನ ಕ್ಲಿನಿಕ್ಕೊಂದು, ರೋಗಿಗಳು ಕೂತಿರುವಾಗಲೇ, ಗೋಡೆ ತುಂಬ ಗಿಳಿ ಅಂಟಿಸಿಕೊಂಡಿತು. ಯಾರೂ ಮೂಗು ಮುಚ್ಚಲಿಲ್ಲ. ಫಿಯೋನಾ ಕಂಡಕಂಡವರಿಗೆಲ್ಲ "ಸೇಮ್ ಡೇ" ಎಂದು ಮಾತು ಕೊಡತೊಡಗಿದಳು. ಓಲಿಂಡಾ ನಾಲ್ಕು ಗಂಟೆಗೆ ಕಿಟಕಿ ಒರೆಸಿದಳು. ಇನ್ನೊಂದು ದಿನ ಮತ್ತೆ ಒರೆಸಿದಳು. ಕಿಟಕಿ ಇಷ್ಟು ಚೊಕ್ಕಟವಾಗಿ ಯಾವತ್ತೂ ಇರಲಿಲ್ಲ. ಹೊರಗೆ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ಮೇಲೆ ಹೋಗುತ್ತಿತ್ತು, ಅವಳ ಬಾಗಿಲ ಬಳಿ ಕೊಂಚ ತಡೆಯುತ್ತಿತ್ತು, ಮತ್ತೆ ಹೋಗುತ್ತಿತ್ತು.

ಸೋಮವಾರ ಅವಳು ಒಂದು ಬೇಕರಿಯ ಪ್ರಿಂಟನ್ನು ತೋಳಿನ ಮೇಲೆ ಹಾಕಿಕೊಂಡಳು.

"ಎಲ್ಲಿಗೆ?" ಎಂದಳು ಫಿಯೋನಾ.

"ಮೇಲೆ."

"ಅದು ಡ್ರೈ ಇದೆ, ಮಮ್ಮಿ."

"ಹೊಸ ಮಿಷನ್ನು. ಸ್ವಲ್ಪ ಜಾಗ್ರತೆ ಮಾಡುದು ಒಳ್ಳೇದು."

ತಾರಸಿಯಲ್ಲಿ ಗೋಪಿನಾಥ್ ಚೂಡಾ ಪೊಟ್ಟಣ ಬಿಚ್ಚದೆ ಹಿಡಿದುಕೊಂಡು ನಿಂತಿದ್ದ. ಅವಳು ಕ್ಲಿಪ್ಪು ಸಿಕ್ಕಿಸುವುದನ್ನು ನೋಡಿದ. ಬಳಿಗೆ ಬಂದು ಬನ್ನಿನ ಚಿತ್ರದ ಮೇಲೆ ಬೆರಳು ಆಡಿಸಿದ. ಮೂಸಿ ನೋಡಿದ.

"ಒಣಗಿದೆಯಲ್ಲ ಇದು."

"ಮೇಲಿಂದ ಹಾಗೆ ಕಾಣ್ತದೆ. ಒಳಗೆ ಹಸಿ ಇರ್ತದೆ."

ಅವನು ಇನ್ನೊಮ್ಮೆ ಮೂಸಿದ. ಈ ಸಲ ಬಹಳ ಹೊತ್ತು, ಕಣ್ಣು ಮುಚ್ಚಿ.

"ಹೂಂ," ಎಂದ. "ಇರಬಹುದು. ಒಂದು ದಿನ ಬಿಡೋದೇ ವಾಸಿ."

"ಎರಡು ದಿನ ಬಿಟ್ರೂ ತಪ್ಪಿಲ್ಲ."

"ಅಯ್ಯೋ, ಬನ್ನು ನೋಡಿ. ಒಳಗೆ ಹಸಿ ಇದ್ರೆ ಯಾರು ತಿಂತಾರೆ?"

ಆ ವಾರ ನೈರೋಬಿಯಲ್ಲಿ ಅತಿ ಬೇಗ ಒಣಗುವ ಇಂಕು ಅತಿ ನಿಧಾನವಾಗಿ ಒಣಗಿತು. ಬೇಕರಿ, ಒಂದು ನರ್ಸರಿ ಶಾಲೆ, ಒಂದು ಕಾರ್ ತೊಳೆಯುವ ಜಾಗ, ಎಲ್ಲವೂ ತಾರಸಿ ಹತ್ತಿ ಇಳಿದವು. ಅವುಗಳ ಪಕ್ಕದಲ್ಲಿ ಗೋಪಿನಾಥನ ಸಿಂಹಗಳು ನಿಜವಾಗಿಯೂ ಒದ್ದೆಯಾಗಿ ನಾರುತ್ತ ತೂಗಾಡಿದವು. ಫ್ಲಾಸ್ಕು ದಿನಾ ಖಾಲಿಯಾಗಿ ಇಳಿಯಿತು.

ಶುಕ್ರವಾರ ರುಂಡಾದ ಬಂಗಲೆಯೊಂದರಿಂದ ಡ್ರೈವರ್ ಬಂದ. ಮನೆಯೊಡತಿಯ ಹುಟ್ಟುಹಬ್ಬಕ್ಕೆ ಗೇಟಿನಿಂದ ಮರಕ್ಕೆ ಕಟ್ಟುವ ಬ್ಯಾನರ್ ಬೇಕಿತ್ತು. ಫಿಯೋನಾ ಸೇಮ್ ಡೇ ಎಂದಿದ್ದಳು. ಬ್ಯಾನರ್ ಅಂಗಡಿಯಲ್ಲಿರಲಿಲ್ಲ. ಡ್ರೈವರನ್ನು ಕೂರಿಸಿ ಫಿಯೋನಾ ಮೆಟ್ಟಿಲು ಹತ್ತಿದಳು.

ತಾರಸಿಯಲ್ಲಿ ಅವಳ ತಾಯಿ ಮಗುಚಿಟ್ಟ ಬಣ್ಣದ ಡಬ್ಬಿಯ ಮೇಲೆ ಕೂತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದಳು. ಎದುರು ಇನ್ನೊಂದು ಡಬ್ಬಿಯ ಮೇಲೆ ಗೋಪಿನಾಥ್ ಏನನ್ನೋ ನಟಿಸಿ ತೋರಿಸುತ್ತಿದ್ದ, ಬಹುಶಃ ಒಬ್ಬ ಮಟಾಟು ಕಂಡಕ್ಟರನನ್ನು. ಬ್ಯಾನರ್ ಗಾಳಿಗೆ ತಗಡಿನ ನೆರಳಿನಿಂದ ಆಚೆ ಹಾರಾಡುತ್ತಿತ್ತು. ಅದರ ಮೇಲೆ ಚಿನ್ನದ ಬಣ್ಣದ ಅಕ್ಷರಗಳು, ಅಕ್ಷರಗಳ ಮೇಲೆ ಒಂದು ಹದ್ದಿನ ಹಿಕ್ಕೆ, ಅಚ್ಚುಕಟ್ಟಾಗಿ ನಡುಮಧ್ಯೆ.

"ಮಮ್ಮಿ. ಸೀರಿಯಸ್ಲಿ?"

"ಹೊಸ ಮಿಷನ್ನು ಅಲ್ವಾ, ನಾನು ಹೇಳಿದ್ದೆ..."

"ಅದು ಹುಟ್ಟಿದಾಗಲೇ ಡ್ರೈ ಇತ್ತು." ಫಿಯೋನಾ ಅಮ್ಮನ ಜೊತೆ ಕೊಂಕಣಿ ಬಿಟ್ಟು ಕನ್ನಡದಲ್ಲಿ ಮಾತಾಡಿದ್ದು ಅಪರೂಪ. ಗೋಪಿನಾಥನಿಗೂ ಅರ್ಥವಾಗಲಿ ಎಂದಿರಬೇಕು. ಅವಳು ಹಿಕ್ಕೆಯನ್ನು ನೋಡಿದಳು, ಡಬ್ಬಿಗಳನ್ನು ನೋಡಿದಳು, ಆಮೇಲೆ ಅಮ್ಮನ ಮುಖ ನೋಡಿ ದನಿ ತಗ್ಗಿಸಿದಳು. "ಇನ್ನೊಂದು ಪ್ರಿಂಟ್ ತೆಗೀತೀನಿ. ಆದ್ರೆ ಇನ್ನುಮೇಲೆ ಕಸ್ಟಮರ್ ಜಾಬ್ ಯಾವುದೂ ಮೇಲೆ ಬರಲ್ಲ. ಓಕೆ? ಬೈ, ಅಂಕಲ್."

"ಬೈ, ಮಗಳೇ," ಎಂದ ಗೋಪಿನಾಥ್, ಖಾಲಿ ಲೋಟದೊಳಗೆ ನೋಡುತ್ತ.

ಓಲಿಂಡಾ ಆ ಸಂಜೆಯೆಲ್ಲ ಲೆಕ್ಕಾಚಾರ ಹಾಕಿದಳು. ಅವಳು ಅಳುವ ಪೈಕಿ ಅಲ್ಲ, ಅಂಗಡಿ ನಡೆಸುವವಳು. ಒಂದು ಯಂತ್ರ ಇಬ್ಬರನ್ನು ಬೇರೆ ಮಾಡಿದ್ದರೆ ಅದೇ ಯಂತ್ರದ ಮುಂದೆ ಇಬ್ಬರನ್ನೂ ನಿಲ್ಲಿಸಿದರಾಯಿತು. ಎಷ್ಟು ಸುಲಭ. ಇಷ್ಟು ದಿನ ಕಿಟಕಿ ಯಾಕೆ ಒರೆಸಿದೆ ಎಂದು ತನ್ನ ಮೇಲೇ ಸಿಟ್ಟು ಬಂತು.

ಶನಿವಾರ ನಾಲ್ಕಕ್ಕೆ ಅವಳು ಖಾಲಿ ಕೈಯಲ್ಲಿ ಹೊರಟಳು. ಫ್ಲಾಸ್ಕು ಕೂಡ ಇಲ್ಲ. ಎರಡನೆಯ ಮಹಡಿಯಲ್ಲಿ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

"ಸವಾ, ಮಾಮಾ ಫಿಯೋನಾ?" ಎಲ್ಲ ಸರಿಯಾ ಫಿಯೋನಾಳ ಅಮ್ಮ, ಎಂದು ಒಳಗಿನಿಂದ ಒಬ್ಬಳು ಕೇಳಿದಳು.

"ಸವಾ, ಸವಾ," ಎಂದಳು ಓಲಿಂಡಾ, ತಲೆ ಎತ್ತಿಕೊಂಡೇ.

ಗೋಪಿನಾಥ್ ಸಿಂಹವೊಂದಕ್ಕೆ ಕ್ಲಿಪ್ಪು ಹಾಕುತ್ತಿದ್ದ. ಅವಳ ಕೈ ನೋಡಿದ. ಕ್ಲಿಪ್ಪು ಹಾಕುವುದನ್ನು ಮರೆತ.

"ಕೂತ್ಕೊಳ್ಳಿ," ಎಂದಳು ಅವಳು ನಿಂತೇ. "ಮಾತಾಡುದುಂಟು. ನಿಮ್ಮ ಮಿಷನ್ ಮಾರಿಬಿಡಿ. ಕಿಸುಮುವಿನವರು ಇನ್ನೊಂದು ಹುಡುಕ್ತಾ ಇದ್ದಾರೆ. ನಿಮ್ಮ ಸಿಂಹ, ಹುಲಿ, ಎಲ್ಲ ನನ್ನದರಲ್ಲೇ ತೆಗೀರಿ. ಒಂದೇ ಅಂಗಡಿ ಮಾಡುವ. ಬೋರ್ಡಲ್ಲಿ ಎರಡು ಹೆಸರು."

"ಯಾರದ್ದು ಮೊದಲು?"

"ಬೇಕಾದ್ರೆ ನಿಮ್ಮದೇ."

"ಫಾಂಟು ಯಾರು ಆರಿಸೋದು?"

"ಅದು ನಾನು."

ಅವನು ನಕ್ಕ. ಅವಳಿಗೆ ಧೈರ್ಯ ಬಂತು. "ವಾಸನೆ ಇಲ್ಲ. ನಿಮಗೆ ದಿನಾ ಬರುವ ಆ ತಲೆನೋವು ಹೋಗ್ತದೆ. ತೆಗೆದ ಕೂಡ್ಲೆ ಗಿರಾಕಿಗೆ ಕೊಟ್ಟು ಕಳಿಸ್ಬಹುದು."

"ಒಣಹಾಕೋದೇ ಇರಲ್ಲ."

"ಇಲ್ಲವೇ ಇಲ್ಲ. ಇಲ್ಲಿ ಮೇಲೆ ಬರುವ ಕೆಲಸವೇ ಇಲ್ಲ. ಇಡೀ ದಿನ ಕೆಳಗೇ ಒಟ್ಟಿಗೆ ಇರ್ತೇವಲ್ಲ."

ಹೇಳಿದ ಮೇಲೆ ಆ ಮಾತು ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಾಯಿತು. ಕೆಳಗೆ ರಸ್ತೆಯಲ್ಲಿ ಒಂದು ಮಟಾಟು ಯಾರನ್ನೋ ಕರೆಯುತ್ತ ಹಾರ್ನ್ ಒತ್ತುತ್ತಲೇ ಇತ್ತು.

"ಇವತ್ತು ಏನೂ ತರದೆ ಬಂದ್ರಿ," ಎಂದ ಗೋಪಿನಾಥ್.

"ಹೌದು."

"ದರ್ಜಿಗಳು ನೋಡಿದ್ರಾ?"

"ಮಿಷನ್ ನಿಲ್ಲಿಸಿ ನೋಡಿದ್ರು."

ಅವನು ತಲೆದೂಗಿದ, ಬಹಳ ಒಳ್ಳೆಯ ಸುದ್ದಿ ಕೇಳಿದವನ ಹಾಗೆ. "ನಾಳೆ ಭಾನುವಾರ. ಸೋಮವಾರನೂ ಹೀಗೇ ಬರ್ತೀರಾ?"

"ನೀವು ಹೂಂ ಅಂದ್ರೆ ಬರುವ ಅಗತ್ಯ ಎಂತ ಉಂಟು ಮಾರಾಯ್ರೆ? ಅದನ್ನೇ ಅಲ್ವಾ ನಾನು ಹೇಳಿದ್ದು?"

"ಹಾಗಾದ್ರೆ ಬೇಡ."

"ಎಂತ ಬೇಡ? ಸ್ವಲ್ಪ ಯೋಚನೆ ಮಾಡಿ ಹೇಳಿ. ಅವಸರ ಇಲ್ಲ."

"ಯೋಚನೆ ಮಾಡೋಕೆ ಏನೂ ಇಲ್ಲ, ಓಲಿಂಡಾ ಅವ್ರೇ. ನಾನು ಮಿಷನ್ ಮಾರಲ್ಲ. ನಿಮ್ಮ ಅಂಗಡಿಗೂ ಬರಲ್ಲ. ಒಂದೇ ಅಂಗಡಿ ಆದ್ರೆ ನೀವು ಹೀಗೆ ಖಾಲಿ ಕೈಯಲ್ಲಿ ನನ್ನನ್ನ ನೋಡೋಕೆ ಮೇಲೆ ಬರೋದು ನಿಂತುಹೋಗುತ್ತಲ್ಲ."