ಏಳು ಬಟ್ಟಲು, ಐದು ಬೆರಳು

ನಾನು ಒಂದು ಒಗ್ಗರಣೆ ಡಬ್ಬಿ. ಉಕ್ಕಿನ ತಗಡನ್ನು ಯಂತ್ರವೊಂದು ಗಟ್ಟಿಯಾಗಿ ಒತ್ತಿದಾಗ ಹುಟ್ಟಿದವಳು. ಆಮೇಲೆ ಏಳು ಪುಟ್ಟ ಬಟ್ಟಲುಗಳು ಬಂದು ನನ್ನೊಳಗೆ ಕುಳಿತವು, ಸುತ್ತ ಆರು, ನಡುವೆ ಒಂದು. ಕತೆಯ ರಾಜನ ಅರಮನೆಗೆ ಏಳು ಕೋಣೆಗಳಿದ್ದಂತೆ ನನಗೂ ಏಳು ಎಂದು ಬೀಗಿದೆ.

ಗದಗಿನ ಪಾತ್ರೆ ಅಂಗಡಿಯಿಂದ ಮದುವೆಯ ಉಡುಗೊರೆಯಾಗಿ, ಅಂದರೆ ಆಯೇರಿಯಾಗಿ, ಗುರುಸಿದ್ದವ್ವನ ಕೈ ಸೇರಿದೆ. ಮುಚ್ಚಳದ ಮೇಲೆ ಚುಕ್ಕಿ ಹೊಡೆದು ಅವಳ ಹೆಸರು ಬರೆದರು. ನೋವಾಗಲಿಲ್ಲ, ಕಚಗುಳಿಯಾಯಿತು.

ಗುರುಸಿದ್ದವ್ವ ಖಾನಾವಳಿ ಇಟ್ಟಳು. ಅವಳ ರೊಟ್ಟಿಯ ಪಟಪಟ ಸದ್ದು ಕೇಳಿಯೇ ಓಣಿಯವರಿಗೆ ಹಸಿವಾಗುತ್ತಿತ್ತು. ಎಲ್ಲದಕ್ಕೂ ಅವಳದು ಕೈ ಅಳತೆ. ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ನನ್ನನ್ನು ತೆರೆಯುತ್ತಿದ್ದಳು. ಮುಚ್ಚಳದ ಮೇಲೆ ದಿನಾ ಐದು ಬೆರಳಿನ ಬಿಳಿ ಗುರುತು. ಸೊಸೆ ಸುವರ್ಣಾ ಒರೆಸುತ್ತಿದ್ದಳು, ಮರುದಿನ ಮತ್ತೆ ಮೂಡುತ್ತಿತ್ತು. ಅದೇ ನನ್ನ ಒಡವೆ.

ಅರವತ್ತೆಂಟರ ವಯಸ್ಸಿಗೆ ಅವಳ ಎದೆಬಡಿತ ಹಾದಿ ತಪ್ಪಿತು.

"ಎದಿಯಾಗ ಯಾರೋ ಹೊಸದಾಗಿ ಕಲಿಯಾಕಿ ರೊಟ್ಟಿ ಬಡೀಲಿಕತ್ತಂಗ ಐತಿ," ಎಂದಳು.

ಹೀಗೆ ಬಡಿಯುವ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು ಎಂದು, ಓಣಿಯವರೆಲ್ಲ 'ಡಾಕ್ಟರ್ ಬಾಯಿ' ಎಂದು ಕರೆಯುವ ವೈದ್ಯೆ ರಕ್ತ ತೆಳುವಾಗುವ ಗುಳಿಗೆ ಬರೆದರು. ಬೆಳಿಗ್ಗೆ ಒಂದು, ಸಂಜೆ ಒಂದು. ಮರೆಯಬಾರದೆಂದು ಸುವರ್ಣಾ ಅಡುಗೆಗೆ ಹೊಸ ಡಬ್ಬಿ ತಂದು, ನನ್ನನ್ನು ತೊಳೆದು, ಆರು ಬಟ್ಟಲುಗಳಿಗೆ ಸೋಮವಾರದಿಂದ ಶನಿವಾರದ ಗುಳಿಗೆ ಹಾಕಿದಳು. ಭಾನುವಾರದ್ದನ್ನು ತಾನೇ ಕೈಗೆ ಕೊಡುತ್ತಿದ್ದಳು.

"ನಡುವಿಂದ್ರಾಗ ಲವಂಗ ಇರಲಿ ಬಿಡವಾ. ಘಮಾನೇ ಇಲ್ಲಂದ್ರ ಡಬ್ಬಿಗೆ ಬ್ಯಾಸರಾಗತೈತಿ," ಎಂದಳು ಅತ್ತೆ. ನನ್ನ ಮನಸ್ಸನ್ನು ಹೀಗೆ ಬಲ್ಲವರು ಯಾರಿದ್ದಾರೆ?

ಒಂದು ದಿನ ಬಾಗಿಲಿಗೆ ತಾಗಿ ಅವಳ ತೋಳು ನೀಲಿಗಟ್ಟಿತು. ಗುರುಸಿದ್ದವ್ವ ಹೆದರಿದಳು. ಯಾರಿಗೂ ಹೇಳಲಿಲ್ಲ, ನನ್ನೆದುರು ಗೊಣಗಿದಳು: "ರಕ್ತ ನೀರಾತಂದ್ರ ಕೈಯಾಗ ಬಲ ಎಲ್ಲಿಂದ ಬರಬೇಕು? ರೊಟ್ಟಿ ಯಾರು ಬಡೀಬೇಕು?"

ಸಾರಿಗೆ ಹುಳಿ ಕಡಿಮೆ ಮಾಡಿದಷ್ಟೇ ಸಲೀಸಾಗಿ ಅಡಕತ್ತರಿ ತೆಗೆದು ಗುಳಿಗೆ ಕತ್ತರಿಸಿದಳು. ಅರ್ಧ ಬಾಯಿಗೆ. ಚೆಲ್ಲಲು ಮನಸ್ಸಾಗದೆ ಉಳಿದರ್ಧ ಲವಂಗದ ಅಡಿಗೆ. ಭಾನುವಾರ ಬಿಟ್ಟು ದಿನಾ ಎರಡು ಅರ್ಧಚಂದ್ರರು ಬಂದು ನನ್ನೊಳಗೆ ಮಲಗಿದರು. ಕೂಗಿ ಹೇಳೋಣವೆಂದರೆ ನನಗೆ ಇರುವುದು ಮುಚ್ಚಳ, ಬಾಯಲ್ಲ.

ಮೂರನೆಯ ವಾರ, ಬೆಳಗಿನ ರೊಟ್ಟಿಯ ಸದ್ದು ಅರ್ಧಕ್ಕೇ ನಿಂತಿತು. ಅವಳ ಬಲಗೈ ಹಿಟ್ಟಿನ ಮೇಲೆ ಸುಮ್ಮನೆ ಬಿದ್ದಿತ್ತು, ಮಾತು ತೊದಲುತ್ತಿತ್ತು. ಸುವರ್ಣಾ ಒಂದು ಕೈಯಲ್ಲಿ ಅತ್ತೆಯನ್ನು, ಇನ್ನೊಂದರಲ್ಲಿ ನನ್ನನ್ನು ಹಿಡಿದು ಆಟೋ ಹತ್ತಿದಳು.

ಸಂಜೆಗೆ ಆಸ್ಪತ್ರೆಯಲ್ಲಿ ಕೈಬೆರಳು ಸ್ವಲ್ಪ ಮಿಸುಕಿದವು. ಆಗ ಡಾಕ್ಟರ್ ಬಾಯಿ ನನ್ನ ಮುಚ್ಚಳ ತೆಗೆದು, ಲವಂಗ ಸರಿಸಿ, ಅರ್ಧಚಂದ್ರರನ್ನು ಅಂಗೈಗೆ ಸುರಿದುಕೊಂಡರು. ನನ್ನ ಗುಟ್ಟು ಹಗುರಾಯಿತು.

"ಇದೇನ್ರಿ ಅಮ್ಮಾರ?"

"ಕೈ ಅಳತಿ," ಎಂದಳು ಗುರುಸಿದ್ದವ್ವ, ನಾಲಿಗೆ ಎಳೆಯುತ್ತ.

"ನಿಮ್ಮ ವಯಸ್ಸು, ತೂಕ, ಕಿಡ್ನಿ ರಿಪೋರ್ಟು ಮೂರೂ ನೋಡಿ ಬರದೀನ್ರಿ. ಕೆಲವರಿಗೆ ಕಡಿಮಿ ಸಾಕು, ನಿಮಗ ಸಾಲೂದಿಲ್ಲ. ಮೈಮ್ಯಾಲೆ ನೀಲಿ ಕಲಿ ಬಿದ್ರ, ಮೂಗಿನಾಗ ರಕ್ತ ಬಂದ್ರ ನನ್ನ ಕೇಳ್ರಿ. ಅಡಕತ್ತರಿನ ಕೇಳಬ್ಯಾಡ್ರಿ."

ಅಳುತ್ತಿದ್ದ ಸುವರ್ಣಾ ನಕ್ಕುಬಿಟ್ಟಳು. ಹಾಸಿಗೆಯ ಮೇಲಿನ ಸೊಟ್ಟ ಬಾಯಿಯೂ ನಕ್ಕಿತು.

ಮನೆಗೆ ಬಂದ ಮೇಲೆ ಎಷ್ಟೋ ದಿನ ಅವಳು ನನ್ನನ್ನು ಎಡಗೈಯಲ್ಲಿ ತೆರೆದಳು. ಗುಳಿಗೆ ಮಾತ್ರ ಇಡಿಯಾಗಿ, ಡಾಕ್ಟರ್ ಬಾಯಿ ಹೇಳಿದ ಹೊತ್ತಿಗೇ. ಬಲಗೈಗೆ ಹಿಟ್ಟಿನ ಉಂಡೆ ಕೊಟ್ಟು ಅದನ್ನು ಮಗುವಿನಂತೆ ಆಡಿಸುತ್ತಿದ್ದಳು.

ಮೊನ್ನೆ ಊಟಕ್ಕೆ ಬಂದ ನಿವೃತ್ತ ಮಾಸ್ತರರು ಕೇಳಿದರು: "ನನಗೂ ಇದೇ ಗುಳಿಗಿ ಕೊಟ್ಟಾರವ್ವಾ. ಅರ್ಧ ನುಂಗಿದ್ರ ನಡೀತೈತೇನು?"

"ನಿಮ್ಮ ಸಾರಿಗೆ ಉಪ್ಪು ನಾ ಹಾಕ್ತೀನ್ರಿ. ಗುಳಿಗಿ ಲೆಕ್ಕ ಡಾಕ್ಟರ್ ಬಾಯಿದು. ಹೋಗಿ ಕೇಳ್ರಿ," ಎಂದು ಅವಳು ಒಲೆಯ ಕಡೆ ತಿರುಗಿದಳು.

ನನಗೀಗ ವಯಸ್ಸಾಗಿದೆ. ಅಂಚು ನೆಗ್ಗಿದೆ, ಹೆಸರಿನ ಚುಕ್ಕಿಗಳು ಸವೆದಿವೆ. ಒಲೆಯಿಂದ ದೂರ, ಕಿಟಕಿಯ ಗೂಡಿನಲ್ಲಿ ಕುಳಿತಿದ್ದೇನೆ. ಒಗ್ಗರಣೆಯ ಚಟಪಟ ಈಗ ಬೇರೆಯವರ ಪಾಲು. ಬೇಸರವಿಲ್ಲ. ಇಂದು ಬೆಳಿಗ್ಗೆ ಪಟಪಟ ಸದ್ದು ನಡುವೆ ನಿಂತಾಗ ನನ್ನ ಬಟ್ಟಲುಗಳು ನಡುಗಿದವು. ಅವಳು ಗುಳಿಗೆಗೆಂದು ಎದ್ದು ಬಂದಿದ್ದಳು, ಅಷ್ಟೇ. ಮುಚ್ಚಳ ತೆಗೆದಳು, ಇಡೀ ಗುಳಿಗೆ ನುಂಗಿದಳು, ಮುಚ್ಚಿ ಹೋದಳು.

ನನ್ನ ಮೇಲೆ ಹಿಟ್ಟಿನ ಗುರುತು ಮೂಡಿತ್ತು. ಬಲಗೈಯದು. ಐದೂ ಬೆರಳು.