ಸತ್ತವಳು ಏಳುವ ಆಟ

ಬನದ ಹುಣ್ಣಿಮೆಯ ಆಸುಪಾಸಿನ ಒಂದು ತಿಂಗಳು ನಾಟಕ ಕಂಪನಿಗಳು ಜಾತ್ರೆಗೆಂದು ಚೊಳಚಗುಡ್ಡದಲ್ಲಿ ತಗಡಿನ ಥೇಟರು ಹಾಕಿ ದಿನಕ್ಕೆ ಮೂರು ಆಟ ಆಡುತ್ತವೆ. ಅಂದು ಮಧ್ಯಾಹ್ನದ ಆಟಕ್ಕೆ ಮೊದಲು ಬಸವೇಶ್ವರಿ ಬಣ್ಣದ ಕೋಣೆಯ ಟ್ರಂಕಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಅರವತ್ತಾರು ವರ್ಷದ ಆಕೆಯ ಮೊಣಕಾಲಿಗೆ ನಜಮಾ ಎಣ್ಣೆ ತಿಕ್ಕುತ್ತಿದ್ದಳು. ನಾಟಕದಲ್ಲಿ ಸೊಸೆಯ ಪಾತ್ರ ನಜಮಾಳದು.

"ನೆಲಕ್ಕ ಕುಂದ್ರಬ್ಯಾಡ್ರಿ ಅಂತ ಬಾಗಲಕೋಟಿ ಡಾಕ್ಟರು ಹೇಳ್ಯಾರಲ್ರಿ, ಅವ್ವಾರ."

"ಕುಂದ್ರಬ್ಯಾಡ ಅಂದಾರ. ಸಾಯಬ್ಯಾಡ ಅಂದಿಲ್ಲ."

ನಜಮಾ ನಕ್ಕಳು. ಬಸವೇಶ್ವರಿಗೆ ನಗು ಬರಲಿಲ್ಲ. ಸಾಯುವುದು ಆಕೆಗೆ ಕಷ್ಟವಾಗಿರಲಿಲ್ಲ, ಏಳುವುದು ಕಷ್ಟವಾಗಿತ್ತು. ಕೊನೆಯ ಅಂಕದಲ್ಲಿ ಆಕೆ ಆಡುವ ತಾಯಿ ನೆಲಕ್ಕೆ ಕುಸಿದು ಮಗನ ತೊಡೆಯ ಮೇಲೆ ಪ್ರಾಣ ಬಿಡುತ್ತಾಳೆ. ಜನಕ್ಕೆ ಆ ಸಾವು ಹಿಡಿಸಿದರೆ 'ಒನ್ಸ್ ಮೋರ್' ಎಂದು ಕೂಗುತ್ತಾರೆ. ಆಗ ಸತ್ತವಳು ಎದ್ದು, ಸೆರಗು ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ ಸಾಯಬೇಕು. ಕಂಪನಿ ನಾಟಕದ ರೂಢಿ ಅದು.

ಹುನಗುಂದ ಬಿಟ್ಟು ಕಂಪನಿ ಸೇರಿದಾಗ ಆಕೆಗೆ ಹದಿನಾಲ್ಕು. ಇಪ್ಪತ್ತೆರಡಕ್ಕೇ ನರೆಗೂದಲ ಟೋಪನ್ನು ಹಾಕಿಕೊಂಡು ತಾಯಿಯಾದಳು. ಆಮೇಲೆ ಸಿನೆಮಾದವರು ಕರೆದರು. ಈ ಕಡೆಯ ಮಾತು ಒರಟೆಂದು ಮೊದಮೊದಲು ಬೇರೆಯವರ ದನಿ ಕೂಡಿಸಿದರು. ಕಡೆಗೆ ಇದೇ ಮಾತಿನಲ್ಲಿ ಮಾಡಿದ ಒಂದು ಚಿತ್ರ ಪ್ರಶಸ್ತಿ ತಂದುಕೊಟ್ಟಿತು. ಸಿನೆಮಾದಲ್ಲಿ ಸಾಯಲಿಕ್ಕೆ ಹಾಸಿಗೆ ಕೊಡುತ್ತಿದ್ದರು. ಮೊದಲ ಚಿತ್ರದಲ್ಲಿ ಸತ್ತ ಮೇಲೆ ಒಂದು ಕಣ್ಣು ಅರೆತೆರೆದು, ಯಾರಾದರೂ ಒನ್ಸ್ ಮೋರ್ ಅಂದಾರೆಂದು ಕಾದಿದ್ದಳು. "ಅಮ್ಮಾ, ಆಯಿತು, ಏಳಿ" ಎಂದು ನಿರ್ದೇಶಕರು ನಕ್ಕಿದ್ದರು.

ಆದರೂ ವರ್ಷಕ್ಕೊಮ್ಮೆ ಈ ತಗಡಿನ ಕೆಳಗೆ ಬರುವುದನ್ನು ಬಿಟ್ಟಿರಲಿಲ್ಲ. ಐವತ್ತೆರಡು ವರ್ಷಗಳಲ್ಲಿ ಜನ ಕೂಗಿದಾಗ ಏಳದೆ ಉಳಿದದ್ದೂ ಇಲ್ಲ. ನಿನ್ನೆ ಮೂರೂ ಆಟದಲ್ಲಿ ಎದ್ದಿದ್ದಳು. ಕಡೆಯ ಸಲ ಕಣ್ಣಿಗೆ ಕತ್ತಲೆ ಕವಿದಿತ್ತು.

ಕಂಪನಿ ಮಾಲಕ ಅಮಾತೆಪ್ಪ ಬಾಗಿಲಲ್ಲಿ ಇಣುಕಿದ. "ಅಕ್ಕಾರ, ಇಳಕಲ್ಲಿಂದ ಎರಡು ಗಾಡಿ ಮಂದಿ ಬಂದಾರ್ರಿ."

"ಇವತ್ತ ಒನ್ಸ್ ಮೋರ್ ಅಂದ್ರ ಪರದೆ ಬಿಟ್ಟುಬಿಡಪಾ."

"ಹಂಗಂದ್ರ ಹೆಂಗ್ರಿ? ಕುರ್ಚಿ ಮುರೀತಾರ."

"ನನ್ನ ಕಾಲು ಮುರದ್ರ?"

ಅಮಾತೆಪ್ಪ ತಲೆ ಕೆರೆದುಕೊಂಡ. "ಇದೊಂದು ಆಟ ಹೆಂಗರ ದಾಟಿಸ್ರಿ" ಎಂದು ಹೋದ.

ಆಟ ಚೆನ್ನಾಗಿಯೇ ಆಯಿತು. ಮಗನ ಪಾತ್ರದ ಪ್ರವೀಣಕುಮಾರನ ತೊಡೆಯ ಮೇಲೆ ಆಕೆಯ ತಲೆ ವಾಲುತ್ತಿದ್ದಂತೆ ಸೀಟಿ ಎದ್ದವು. "ಒನ್ಸ್ ಮೋರ್!" ಹಾರ್ಮೋನಿಯಂ ಹಿಂದಿನ ಹಾಡನ್ನು ಮತ್ತೆ ಎತ್ತಿಕೊಂಡಿತು. ಬಸವೇಶ್ವರಿ ಹಲಗೆಗೆ ಕೈ ಊರಿದಳು. ಮೊಣಕಾಲು ಮಡಚಲೂ ಆಗಲಿಲ್ಲ, ಚಾಚಲೂ ಆಗಲಿಲ್ಲ. ಇನ್ನೊಮ್ಮೆ ಊರಿದಳು.

"ಅವ್ವಾರ, ಏಳ್ರಿ" ಎಂದು ಪ್ರವೀಣಕುಮಾರ ತುಟಿ ಅಲುಗಿಸದೆ ಪಿಸುಗುಟ್ಟಿದ.

"ಆಗೂದಿಲ್ಲಪಾ. ನೀ ಅಳು."

"ಅತ್ತು ಮುಗಿಸೇನಲ್ರಿ."

"ಅದೇನ್ ಅಳು? ನೆಗಡಿ ಬಂದವರಂಗ ಅಳತಿ. ಖರೆ ಅಳು."

ಹುಡುಗನಿಗೆ ಗಾಬರಿಯಾಗಿತ್ತು. ಆಕೆಯ ಹಣೆಯ ತಣ್ಣನೆಯ ಬೆವರು ದೀಪದ ಸೆಕೆಗೆ ಬಂದದ್ದಲ್ಲ ಎಂದು ಅವನ ಕೈಗೆ ಗೊತ್ತಾಯಿತು. ಅವನು ಅವ್ವಾ ಎಂದ. ನಾಟಕದಲ್ಲಿ ಬರೆದ ಮಾತು ಒಂದೂ ಬಾಯಿಗೆ ಬರಲಿಲ್ಲ. ಬರೀ ಅವ್ವಾ, ಅವ್ವಾ ಎಂದು ಆಕೆಯ ಕೆನ್ನೆ ತಟ್ಟುತ್ತ ಅತ್ತ. ಕೂಗುಗಳು ಒಂದೊಂದಾಗಿ ಅಡಗಿದವು. ಕಣ್ಣು ಮುಚ್ಚಿ ಬಿದ್ದಿದ್ದ ಬಸವೇಶ್ವರಿಗೆ ಹಲಗೆಯ ತಂಪು ಹಿತವೆನಿಸಿತು. ಜನ ಕರೆದಿದ್ದರು, ತಾನು ಏಳಲಿಲ್ಲ. ನಾಚಿಕೆಯಾಗಬೇಕಿತ್ತು. ಆದರೆ ನಾಚಿಕೆಪಡುವಷ್ಟೂ ತ್ರಾಣ ಉಳಿದಿರಲಿಲ್ಲ. ಪರದೆ ಬಿದ್ದ ಮೇಲೆ ಚಪ್ಪಾಳೆ ಬಹಳ ಹೊತ್ತು ಕೇಳಿತು. ಅದು ಹುಡುಗನಿಗೆ ಸಂದದ್ದೆಂದು ಆಕೆಗೆ ಗೊತ್ತಿತ್ತು.

ಇಬ್ಬರು ಎತ್ತಿ ತಂದು ಟ್ರಂಕಿನ ಮೇಲೆ ಕೂರಿಸಿದರು. ಅಮಾತೆಪ್ಪ ಕೈ ಹಿಸುಕಿಕೊಳ್ಳುತ್ತ ನಿಂತ. "ಸಂಜಿ ಆಟಕ್ಕ ಹೆಂಗ್ರಿ, ಅಕ್ಕಾರ?"

ಬಸವೇಶ್ವರಿ ನರೆಗೂದಲ ಟೋಪನ್ನು ತೆಗೆದು ನಜಮಾಳ ಮಡಿಲಿಗೆ ಹಾಕಿದಳು. "ಈಕಿ ಮಾಡ್ತಾಳ. ದಿನಾ ನನ್ನ ಮಗ್ಗಲದಾಗ ನಿಂತು ಮಾತೆಲ್ಲಾ ಬಾಯಿಪಾಠ ಮಾಡ್ಯಾಳ. ಸೊಸಿ ಪಾತ್ರಕ್ಕ ಬ್ಯಾರೆ ಯಾರನ್ನರ ಹುಡುಕು."

"ನಂಗ ಸಾಯಾಕ ಬರೂದಿಲ್ರಿ, ಅವ್ವಾರ" ಎಂದಳು ನಜಮಾ.

"ಬಾ, ಇಲ್ಲೇ ಚಾಪಿ ಮ್ಯಾಲ ಬೀಳು, ನೋಡೂಣು."

ನಜಮಾ ಬಿದ್ದಳು. ಬಸವೇಶ್ವರಿ ಕುಳಿತಲ್ಲಿಂದಲೇ ಬಾಗಿ ಅವಳ ತೋಳು ಸರಿಪಡಿಸಿದಳು.

"ಹಂಗಲ್ಲ. ಎಡಗೈ ಮೈ ಕೆಳಗ ಇಟ್ಟು ಬೀಳು. ಊರಿ ಏಳಾಕ ಬೇಕಾಗ್ತದ."