ಮೊದಲನೆಯ ಸಹಿ

ಬೆಳಿಗ್ಗೆ ಒಂಬತ್ತೂವರೆಗೆ ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಹಾಜರಿ ಕೂಗಿದರು. ಸೌಭಾಗ್ಯ ಮೆಲ್ಲಗೆ ‘ಪ್ರೆಸೆಂಟ್ ಸಾರ್’ ಎಂದು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಪಕ್ಕದ ಸ್ಟೂಲಿನ ಸ್ವಪ್ನಾ ಎಂದಿನಂತೆ ಹತ್ತೂಕಾಲಿಗೆ ಬಂದಳು. ರಾಯದುರ್ಗದ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಬೆಳಗಿನ ಆರರಿಂದ ಹತ್ತರವರೆಗೆ ಅವಳಿಗೆ ಕೆಲಸ. ತಡವಾಗಿ ಬಂದರೂ ಊಟದ ಹೊತ್ತಿನಲ್ಲಿ ಕೂತು ಪ್ರಯೋಗ ಮುಗಿಸಿಯೇ ಏಳುತ್ತಿದ್ದಳು. ರಿಜಿಸ್ಟರಿನಲ್ಲಿ ಮಾತ್ರ ಅವಳ ಹೆಸರಿನ ಮುಂದೆ ಗೈರು.

ಸೌಭಾಗ್ಯ ಅಗಳಿ ಕಡೆಯವಳು. ಎಂ.ಎಸ್ಸಿ.ಗೆಂದು ಬಂದು ಹಾಸ್ಟೆಲ್ ಸೇರಿ ಐದು ತಿಂಗಳಾಗಿತ್ತು. ಆಂಧ್ರಕ್ಕೆ ಸೇರಿದ ಈ ಗಡಿಯೂರಿನಲ್ಲಿ ಪಾಠ ಇಂಗ್ಲಿಷಿನಲ್ಲಿ, ಹರಟೆ ತೆಲುಗಿನಲ್ಲಿ. ಇಲ್ಲಿಯ ಕನ್ನಡವೂ ಅವಳ ಕನ್ನಡದಂತಿರಲಿಲ್ಲ. ಮೊದಲ ವಾರ ಅವಳ ಮಾತಿಗೆ ಯಾರೋ ನಕ್ಕಿದ್ದರು. ಆಮೇಲೆ ಅವಳು ಬೇಕಾದಷ್ಟೇ ಮಾತಾಡುವುದನ್ನು ಕಲಿತಳು. ಸ್ವಪ್ನಾಳೊಂದಿಗೂ ‘ಬ್ಲೇಡ್ ಕೊಡು’, ‘ಸ್ಲೈಡ್ ತಗೋ’ ಇಷ್ಟೇ. ಅಪ್ಪ ಗಂಗಣ್ಣ ಫೋನಿನಲ್ಲಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: “ಸಂಘ ಗಿಂಘ ಅಂತ ಹೋಗ್ಬ್ಯಾಡ ಕಣಮ್ಮ. ಕಾಲೇಜ್ ಸಾಹೇಬ್ರ ಕಣ್ಣಿಗೆ ಬಿದ್ರೆ ನಿನ್ ಓದು ಅಲ್ಲಿಗೇ ನಿಂತೋಯ್ತದೆ.”

ಪರೀಕ್ಷೆಗೆ ಎರಡು ವಾರವಿರುವಾಗ ಸ್ನಾತಕೋತ್ತರ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಓಬುಲೇಶ್ ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿದ.

“ಹಾಜರಿ ಸಾಲಲಿಲ್ಲಂತ ಸ್ವಪ್ನಾನ್ನ ಪರೀಕ್ಷಾಕ್ಕ ಕೂಡ್ಸಂಗಿಲ್ಲಂತ್ರಿ. ಪ್ರಾಕ್ಟಿಕಲ್ ಎಲ್ಲಾ ಮಾಡ್ಯಾಳಂತ ನೀವೊಂದು ಮಾತು ಹೇಳ್ರಿ. ಪಕ್ಕದಾಗ ಕುಂತವ್ರು ನೀವ.”

“ನಂಗ್ಯಾಕೆ ಅದೆಲ್ಲ? ನಾನು ಸಂಘದೋಳಲ್ಲ.”

“ಸಂಘದವ್ರು ಹೇಳಿದ್ರ ಜಗಳ ಅಂತಾರ್ರಿ. ನೀವು ಹೇಳಿದ್ರ ಸಾಕ್ಷಿ ಆಗ್ತೈತಿ.”

ಸೌಭಾಗ್ಯ ಮೆಟ್ಟಿಲು ಇಳಿದುಹೋದಳು. ಆ ವಾರದ ಕೊನೆಗೆ ಸ್ವಪ್ನಾ ಕಾಲೇಜು ಬಿಟ್ಟಳು.

ಪಕ್ಕದ ಸ್ಟೂಲನ್ನು ಯಾರೋ ಬೇರೆ ಬೆಂಚಿಗೆ ಎಳೆದುಕೊಂಡರು. ಪರೀಕ್ಷೆ ಮುಗಿಯಿತು, ಸೌಭಾಗ್ಯಳಿಗೆ ಒಳ್ಳೆಯ ಅಂಕಗಳೇ ಬಂದವು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಒಂದು ಭಾನುವಾರ ಮೆಸ್ಸಿನಲ್ಲಿ ಬಡಿಸುವ ನರಸಕ್ಕ, “ಸಾರು ಹಾಕ್ಲೇನವಾ?” ಎಂದಾಗ ಅವಳು ತಲೆಯಾಡಿಸಿ ತಟ್ಟೆ ಚಾಚಿದಳು. ಶುಕ್ರವಾರದಿಂದ ತಾನು ಯಾರೊಡನೆಯೂ ಒಂದು ಮಾತೂ ಆಡಿಲ್ಲ ಎಂಬುದು ಆಗ ಅರಿವಾಯಿತು.

ಮರುದಿನ ಊಟದ ಬಿಡುವಿನಲ್ಲಿ ಅವಳು ಹೊಲಿಗೆ ಘಟಕಕ್ಕೆ ಹೋದಳು. ಗೋಡೆಯ ನೆರಳಿನಲ್ಲಿ ಸ್ವಪ್ನಾ ಬುತ್ತಿ ಬಿಚ್ಚಿ ಕೂತಿದ್ದಳು. ಈಗ ಅವಳದು ಇಡೀ ದಿನದ ಕೆಲಸ. ಸೌಭಾಗ್ಯಳನ್ನು ಕಂಡು ಸರಿದು ಜಾಗ ಕೊಟ್ಟಳು.

“ಅವತ್ತು ನಾನು ಹೇಳ್ಬೇಕಿತ್ತು,” ಎಂದಳು ಸೌಭಾಗ್ಯ.

“ನೀ ಹೇಳಿದ್ರೂ ಆಗ್ತಿತ್ತೋ ಇಲ್ಲೋ,” ಸ್ವಪ್ನಾ ರೊಟ್ಟಿ ಮುರಿದು ಅವಳ ಕೈಗಿಟ್ಟಳು. “ಆದ್ರ ಯಾಕ ತಡಾ ಆಗ್ತೈತಿ ಅಂತ ಐದು ತಿಂಗಳಾಗ ಒಬ್ರೂ ಕೇಳಲಿಲ್ಲ ನೋಡು. ಅದಕ್ಕ ಮನಸು ಮುರೀತು.” ಆಮೇಲೆ ಎದುರು ಕೂತವಳನ್ನು ತೋರಿಸಿದಳು. “ಇಕಿ ಉಷಾ. ಹೋದ್ ವರ್ಷ ಇಕಿನೂ ಹಿಂಗ ಬಿಟ್ಟು ಬಂದ್ಲು.”

ಉಷಾ ಬುತ್ತಿ ಮುಚ್ಚಿ ಎದ್ದು ಒಳಗೆ ಹೋದಳು.

ಆ ಸಂಜೆ ಸೌಭಾಗ್ಯ ಸೈಕಲ್ ಸ್ಟ್ಯಾಂಡಿನ ಹಿಂದಿದ್ದ ಸಂಘದ ಕೋಣೆಗೆ ಹೋದಳು. ಎಂಟು ಜನ ಇದ್ದರು. ಪ್ರಾಕ್ಟಿಕಲ್ ತರಗತಿಗಳನ್ನು ಮಧ್ಯಾಹ್ನಕ್ಕೆ ಹಾಕಬೇಕೆಂದು ಅವಳು ತನ್ನ ಊರಿನ ಕನ್ನಡದಲ್ಲೇ ಹೇಳಿದಳು. ಯಾರೂ ನಗಲಿಲ್ಲ. ಅರ್ಜಿ ಬರೆದಾಯಿತು. ಮೊದಲು ಯಾರು ಸಹಿ ಮಾಡಿದರೆಂದು ತಿಳಿಯದಂತೆ ಹೆಸರುಗಳನ್ನು ಚಕ್ರದಂತೆ ಸುತ್ತ ಬರೆಯೋಣ ಎಂದರು ಒಬ್ಬರು. ಸೌಭಾಗ್ಯ ಹಾಳೆ ತೆಗೆದುಕೊಂಡು ಮೇಲಿನ ಗೆರೆಯಲ್ಲಿ ಪೂರ್ತಿ ಹೆಸರು ಬರೆದಳು.

ವಿಭಾಗದ ಮುಖ್ಯಸ್ಥ ರೇಣುಕಾಪ್ರಸಾದ್ ಅರ್ಜಿಯನ್ನು ಎರಡು ಸಲ ಓದಿದರು.

“ನಿಯಮ ನಾ ಮಾಡಿದ್ದಲ್ಲಮ್ಮ. ಒಬ್ರಿಗೆ ಬಿಟ್ರ ನಾಳೆ ನಿದ್ದಿ ಮಾಡಿ ಬಂದವ್ರಿಗೂ ಬಿಡಬೇಕಾಗ್ತದ.”

“ಬಿಡಿ ಅಂತಿಲ್ಲ ಸಾರ್. ಹೊತ್ತು ಬದಲಾಯ್ಸಿ ಅಂತೀವಿ. ಸ್ವಪ್ನಾ ಒಂದು ಪ್ರಾಕ್ಟಿಕಲ್ಲೂ ಬಿಟ್ಟಿಲ್ಲ. ನಾನು ನೋಡೀನಿ.”

“ಈ ಮಾತು ಪರೀಕ್ಷಾಕ್ಕಿಂತ ಮೊದಲ ಯಾಕ ಹೇಳಲಿಲ್ಲ?”

“ಹೆದರಿದ್ದೆ ಸಾರ್.”

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಈ ವರ್ಷದ್ದು ನನ್ನ ಕೈಯಾಗಿಲ್ಲ. ಬರೋ ವರ್ಷದ ಟೈಮ್‌ಟೇಬಲ್ ನನ್ನ ಕೈಯಾಗೈತಿ. ನೋಡ್ತೀನಿ.”

ಹೊಸ ವೇಳಾಪಟ್ಟಿಯಲ್ಲಿ ಪಾಠಗಳು ಹತ್ತೂವರೆಗೆ ಶುರುವಾಗಿ, ಪ್ರಾಕ್ಟಿಕಲ್ ಎರಡು ಗಂಟೆಗೆ ಬಂತು. ಪ್ರವೇಶದ ದಿನಗಳಲ್ಲಿ ಸಂಘದವರು ಗೇಟಿನ ಬಳಿ ಬೆಂಚು ಹಾಕಿ, ಬಂದವರಿಗೆ ಅರ್ಜಿ ತುಂಬಲು ನೆರವಾಗುತ್ತಿದ್ದರು. ಸೌಭಾಗ್ಯ ಮೂರು ದಿನವೂ ಕೂತಳು. ರಸ್ತೆಯಲ್ಲಿ ಆಟೋ ನಿಂತಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದಳು.

ಕೊನೆಯ ದಿನ ನಾಲ್ಕು ಗಂಟೆಗೆ ಉಷಾ ಬಂದಳು, ಒಬ್ಬಳೇ.

“ಸ್ವಪ್ನಾ?” ಎಂದು ಕೇಳಿದಳು ಸೌಭಾಗ್ಯ.

“ಬರಂಗಿಲ್ಲಂದ್ಲು. ಮನ್ಯಾಗ ಒಪ್ಪಲಿಲ್ಲಂತ.” ಉಷಾ ಸರ್ಟಿಫಿಕೇಟುಗಳ ಕವರನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. “ನಂಗೂ ಧೈರ್ಯ ಇರಲಿಲ್ರಿ. ಅಲ್ಲಿ ಸೌಭಾಗ್ಯ ಅದಾಳ, ಹೋಗು ಅಂತ ಅಕಿನೇ ಕಳಿಸಿದ್ಲು.”

ಸೌಭಾಗ್ಯ ಒಮ್ಮೆ ರಸ್ತೆಯ ಕಡೆ ನೋಡಿದಳು. ಆಮೇಲೆ ಬೆಂಚಿನ ಮೇಲೆ ಸರಿದು ಕೂತು, ಅರ್ಜಿಯನ್ನು ಉಷಾಳ ಕಡೆ ತಿರುಗಿಸಿಟ್ಟಳು.

“ಬಾ, ಕೂತ್ಕ. ಬೆಳಿಗ್ಗೆ ಎಷ್ಟೊತ್ತಿನವರ್ಗೂ ಕೆಲಸ ನಿಂಗೆ? ಮೊದ್ಲು ಅದು ಹೇಳು.”